ನಂದಗಡದ ಆಲದ ನೆರಳಿನಲ್ಲಿ ಸಂಗೊಳ್ಳಿ ರಾಯಣ್ಣ

ಮುಂಬಯಿ, ಪುಣೆಗಳಿಂದ ಹುಬ್ಬಳ್ಳಿಯತ್ತ ಹೊರಟ ರೈಲು ಬೆಳಗಾವಿಯನ್ನು ದಾಟಿ ಖಾನಾಪುರದ ಮೂಲಕ ಸಾಗುತ್ತದೆ. ವರುಷಕ್ಕೊಮ್ಮೆ ಊರಿಗೆ ಹೋಗುವ ನಾವು ಆ ನಿಲ್ದಾಣದ ಫಲಕವನ್ನು ಎಷ್ಟೋ ಸಲ ಓದಿದ್ದೇವೆ; ಅಲ್ಲಿ ಇಳಿದವರು ವಿರಳ. ಅದೇ ತಾಲೂಕಿನ ನಂದಗಡದಲ್ಲಿ ವಿಶಾಲವಾದ ಆಲದ ಮರವೊಂದರ ಕೆಳಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ.

ರಾಯಣ್ಣ ಜನಿಸಿದ್ದು 1798ರ ಆಗಸ್ಟ್ 15ರಂದು, ಇಂದಿನ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ಕುರುಬರ ಮನೆಯಲ್ಲಿ. ಕಿತ್ತೂರು ಸಂಸ್ಥಾನದ ನಂಬುಗೆಯ ಬಂಟನಾಗಿ ಬೆಳೆದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೇನೆ ಕಂಪನಿ ಸರಕಾರದ ದಂಡನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಆ ಕಾಳಗದಲ್ಲಿ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಡನೆ ಮರಳಿ ಬಂದ ಆಂಗ್ಲರು ಕೋಟೆಯನ್ನು ವಶಪಡಿಸಿಕೊಂಡು ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ಸೆರೆ ಸಿಕ್ಕಿದ್ದ ರಾಯಣ್ಣನಿಗೆ ಬಿಡುಗಡೆಯೇನೋ ದೊರೆಯಿತು. ಆದರೆ ಅವನ ಹೊಲವನ್ನು ಕಸಿದುಕೊಂಡ ಸರಕಾರ, ಉಳಿದ ತುಂಡಿಗೆ ಭಾರಿ ಕಂದಾಯ ಹೇರಿತು.

1829ರ ಫೆಬ್ರವರಿಯಲ್ಲಿ ರಾಣಿ ಸೆರೆಯಲ್ಲೇ ತೀರಿಕೊಂಡರು. ರಾಣಿಯ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೇರಿಸುವ ಛಲದಿಂದ ರಾಯಣ್ಣ ಬಡ ರೈತರನ್ನು ಕೂಡಿಸಿ ಖಾನಾಪುರದ ದಟ್ಟಡವಿಯನ್ನು ಸೇರಿದ. ಬೀಡಿಯ ಕಚೇರಿ ಸುಟ್ಟಿತು, ಖಜಾನೆಗಳು ಬರಿದಾದವು. ಬಯಲಿನಲ್ಲಿ ಎದುರು ನಿಲ್ಲದೆ, ಅಡವಿಯಿಂದ ಎರಗಿ ಅಡವಿಯಲ್ಲೇ ಮರೆಯಾಗುವ ಈ ದಂಡನ್ನು ಹಿಡಿಯಲು ಬಲ ಸಾಲದೆ ಕಂಪನಿ ಕಪಟಕ್ಕೆ ಕೈಹಾಕಿತು. 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಸ್ನಾನ ಮಾಡುತ್ತಿದ್ದ ನಿರಾಯುಧ ರಾಯಣ್ಣನನ್ನು ನಂಬಿದವರೇ ಹಿಡಿದುಕೊಟ್ಟರು. ಸೋದರಮಾವನೇ ದ್ರೋಹ ಬಗೆದನೆಂದು ಜನಪದರು ಇಂದಿಗೂ ನೊಂದು ಹೇಳುತ್ತಾರೆ.

1831ರ ಜನವರಿ 26ರಂದು ನಂದಗಡದ ಹೊರವಲಯದ ಆಲದ ಮರದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಆಗ ಅವನಿಗೆ 32 ವರುಷ. ಆಪ್ತ ಸಂಗಡಿಗ ಬಿಚ್ಚುಗತ್ತಿ ಚೆನ್ನಬಸಪ್ಪ ಸಮಾಧಿಯ ಮೇಲೆ ಆಲದ ಸಸಿಯೊಂದನ್ನು ನೆಟ್ಟನೆಂದು ಪ್ರತೀತಿ. ಇಂದು ನೆರಳು ನೀಡುತ್ತಿರುವುದು ಆ ಮರವೇ.

ಕಂಪನಿಯ ಕಣ್ಣಿಗೆ ಅವನು ದಂಗೆಕೋರ, ಲೂಟಿಗಾರ. ಊರಿನವರ ಎಣಿಕೆ ಬೇರೆಯಾಗಿತ್ತು. ಗೀಗೀ ಮೇಳದವರು ಅವನ ಕತೆಯನ್ನು ಹಳ್ಳಿಹಳ್ಳಿಗೆ ಒಯ್ದರು. ಮಕ್ಕಳ ಭಾಗ್ಯ ಬೇಡುವ ದಂಪತಿಗಳು ಈ ಆಲದ ಕೊಂಬೆಗೆ ಪುಟ್ಟ ಮರದ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ತನ್ನ ಹೊಟ್ಟೆಯ ಕೂಸು ರಾಯಣ್ಣನಂತಾಗಲೆಂದು ತಾಯಿಯೊಬ್ಬಳು ಬಯಸುವಾಗ, ಅವನಿಗೆ ಸರಕಾರ ಹಚ್ಚಿದ ಕಳಂಕ ಎಲ್ಲಿ ಉಳಿದೀತು? ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ 2016ರಲ್ಲಿ ಅವನ ಹೆಸರು ಬಂತು. ಆ ಹೊತ್ತಿಗೆ ಜನ ಅವನನ್ನು ತಮ್ಮವನೆಂದು ಪೂಜಿಸತೊಡಗಿ ತಲೆಮಾರುಗಳೇ ಕಳೆದಿದ್ದವು.

ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಆಗಸ್ಟ್ 15 ಮತ್ತು ಜನವರಿ 26ರಂದು ಶಾಲೆಯಲ್ಲಿ ಧ್ವಜಕ್ಕೆ ವಂದಿಸುತ್ತಾರೆ. ಒಂದು ದಿನ ರಾಯಣ್ಣ ಹುಟ್ಟಿದ್ದು, ಇನ್ನೊಂದು ದಿನ ಮಡಿದದ್ದು ಎಂಬುದನ್ನು ನಾವು ಹೇಳದಿದ್ದರೆ ಅವರಿಗೆ ಹೇಳುವವರು ಯಾರು? ಮುಂದಿನ ಸಲ ಊರಿಗೆ ಹೋಗುವಾಗ ಖಾನಾಪುರದಲ್ಲಿ ಇಳಿದು, ಅವರನ್ನು ಕರೆದುಕೊಂಡು ನಂದಗಡಕ್ಕೆ ಹೋಗಿ ಬರೋಣ.