ಪಂಡಿತಾ ರಮಾಬಾಯಿಯವರ ಹೆಸರಿನ ದಾರಿ

ಪಟ್ಟಣಗಳಲ್ಲಿ ರಸ್ತೆಗಳಿಗೂ ಚೌಕಗಳಿಗೂ ಉದ್ಯಾನಗಳಿಗೂ ಗತಿಸಿದ ಮಹನೀಯರ ಹೆಸರುಗಳನ್ನಿಡುವುದು ವಾಡಿಕೆಯಾಗಿದೆ. ಅರಸರು, ಅಧಿಕಾರಿಗಳು, ಸೇನಾಪತಿಗಳು, ಧನವಂತರು, ಇಂಥವರ ಹೆಸರುಗಳೇ ಅವುಗಳಲ್ಲಿ ಬಹಳ. ಮುಂಬಯಿ ನಗರದ ಗಾಮದೇವಿ ಎಂಬ ಭಾಗದಲ್ಲಿ ಹ್ಯೂಸ್ ರಸ್ತೆಯಿಂದ ನಾನಾ ಚೌಕಕ್ಕೆ ಹೋಗುವ ಒಂದು ದಾರಿಯುಂಟು. ಅದಕ್ಕೆ ಪಂಡಿತಾ ರಮಾಬಾಯಿ ಮಾರ್ಗವೆಂದು ಹೆಸರು. ಈ ಹೆಸರಿನವರು ಅರಸಿಯೂ ಅಲ್ಲ, ಧನವಂತರೂ ಅಲ್ಲ; ನಮ್ಮ ಕನ್ನಡನಾಡಿನ ಕಾಡಿನಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲಾ ದಾರಿಯಲ್ಲಿಯೇ ಕಳೆದು, ಕ್ರಿಸ್ತನ ಸೇವಕಿಯಾಗಿ ಜೀವಿಸಿದ ಒಬ್ಬ ವಿಧವೆ. ಅಂಥ ಗೌರವಕ್ಕೆ ಅವರು ಹೇಗೆ ಯೋಗ್ಯರಾದರೆಂಬುದನ್ನು ಹಳ್ಳಿಯ ಸಭೆಗಳವರು ಅರಿತಿರುವುದು ಒಳ್ಳೆಯದೆಂದೆಣಿಸಿ, ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಎಂಬವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಸ್ತ್ರೀಯರು ಸಂಸ್ಕೃತ ಕಲಿಯಬಾರದೆಂಬ ನಿಯಮವು ಬಲವಾಗಿದ್ದ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಆ ವಿದ್ಯೆಯನ್ನು ಕಲಿಸಿದರು. ಜಾತಿಯವರು ಇದಕ್ಕಾಗಿ ಅವರನ್ನು ನಿಂದಿಸಿದರು. ಆಗ ಅವರು ಪಶ್ಚಿಮ ಘಟ್ಟದಲ್ಲಿ ಕಾರ್ಕಳದ ಮೇಲಣ ಗಂಗಾಮೂಲವೆಂಬ ಅರಣ್ಯದಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿಯೇ 1858ನೆಯ ಇಸವಿ ಎಪ್ರಿಲ್ 23ರಂದು ರಮೆಯು ಹುಟ್ಟಿದಳು. ಶಾಸ್ತ್ರಿಗಳು ಬಂದವರಿಗೆಲ್ಲಾ ಅನ್ನವಿಕ್ಕಿ ಸಾಲಗಾರರಾದುದರಿಂದ ಆ ಮನೆಯನ್ನು ಬಿಟ್ಟು ಹೋಗಬೇಕಾಯಿತು. ಮಗುವಿಗೆ ಆರು ತಿಂಗಳಾದಾಗ ಅದನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗಿಳಿಸಿದರು. ಅಂದಿನಿಂದ ಆ ಕುಟುಂಬಕ್ಕೆ ಸ್ವಂತ ಮನೆಯೆಂಬುದು ಇರಲಿಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆಯುತ್ತಾ, ದೇವಾಲಯಗಳಲ್ಲಿ ಪುರಾಣಗಳನ್ನೋದಿ, ಜನರು ಕೊಟ್ಟದ್ದರಿಂದ ಜೀವಿಸಿದರು. ತಾಯಿಯು ಆ ಪ್ರಯಾಣಗಳಲ್ಲಿಯೇ ಮಗಳಿಗೆ ಸಂಸ್ಕೃತವನ್ನು ಕಲಿಸಿದಳು. ಭಾಗವತದ ಸಾವಿರಾರು ಶ್ಲೋಕಗಳು ಬಾಲಿಕೆಗೆ ಬಾಯಿಪಾಠವಾದವು.

ಬಳಿಕ ಕಠಿಣವಾದ ಬರಗಾಲವು ಬಂತು. ಕೈಯಲ್ಲಿದ್ದ ಹಣವೆಲ್ಲಾ ತೀರಿಹೋಯಿತು. ಭಿಕ್ಷೆ ಬೇಡಲು ಅವರ ಮನಸ್ಸು ಒಪ್ಪಲಿಲ್ಲ. ಕೂಲಿಯ ಕೆಲಸವು ಅವರಿಗೆ ತಿಳಿಯದು. ಕಾಡಿನ ಎಲೆಗಳನ್ನು ತಿಂದು ನೀರು ಕುಡಿದು ದಿನಗಳನ್ನು ಕಳೆದರು. ಮೊದಲು ತಂದೆಯು, ಸ್ವಲ್ಪ ಕಾಲದಲ್ಲಿ ತಾಯಿಯು, ತರುವಾಯ ಅಕ್ಕನು ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ಕು ಮಂದಿ ದೊರೆಯದೆ, ಹದಿನಾರು ವರ್ಷದ ಮಗಳೇ ನಾಲ್ಕನೆಯವಳಾಗಿ ಚಟ್ಟವನ್ನು ಹೊತ್ತಳು. ಎತ್ತರವಿಲ್ಲದ್ದರಿಂದ ಅದನ್ನು ಹೆಗಲ ಮೇಲೆ ತಾಳಲಾರದೆ ತಲೆಯ ಮೇಲೆ ಇಟ್ಟುಕೊಳ್ಳಬೇಕಾಯಿತಂತೆ. ಪ್ರಿಯ ವಾಚಕರೇ, ಸತ್ತವರನ್ನು ಹೊರಲು ನೆರೆಯವರು ಬಾರದ ದುಃಖವನ್ನು ನಮ್ಮಲ್ಲಿ ಅನೇಕರ ಹಿರಿಯರು ಕಂಡವರೇ. ಪಂಡಿತರ ಕುಲದಲ್ಲಿ ಹುಟ್ಟಿದ ಈ ಹುಡುಗಿಯೂ ಅದನ್ನೇ ಕಂಡಳು.

ಅಣ್ಣನಾದ ಶ್ರೀನಿವಾಸನೊಡನೆ ರಮಾಬಾಯಿಯವರು ಸಾವಿರಾರು ಮೈಲು ಕಾಲ್ನಡೆಯಾಗಿ ಸಂಚರಿಸಿ 1878ರಲ್ಲಿ ಕಲಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಅವರನ್ನು ಪರೀಕ್ಷಿಸಿ, ಆಶ್ಚರ್ಯಪಟ್ಟು, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಅವರು ಬೇರೆ ಜಾತಿಯವರಾದ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಗಂಡನು ಕಾಲರಾ ರೋಗದಿಂದ ಮಡಿದನು. ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ಅವರು ವಿಧವೆಯಾದರು. ಆದರೆ ಗಂಡನ ಮನೆಯಲ್ಲಿ ಒಂದು ಚಿಕ್ಕ ಪುಸ್ತಕವು ಅವರ ಕೈಗೆ ಸಿಕ್ಕಿತ್ತು. ಅದು ಬಂಗಾಳಿ ಭಾಷೆಯ ಲೂಕನ ಸುವಾರ್ತೆ. ಆ ಬೀಜವು ಹೃದಯದಲ್ಲಿ ಬಿದ್ದು ತನ್ನ ಕಾಲಕ್ಕಾಗಿ ಕಾದುಕೊಂಡಿತು.

1883ರಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಶೆಯು ಕೈಗೂಡಲಿಲ್ಲ. ಆದರೆ ಅಲ್ಲಿ, ಜಾರಿಬಿದ್ದ ಸ್ತ್ರೀಯರನ್ನು ಎತ್ತಿ ಮರುಳಿ ಮಾನವಾಗಿ ಬಾಳುವಂತೆ ಸಹಾಯ ಮಾಡುವ ಒಂದು ಮನೆಯನ್ನು ನೋಡಿ ಅವರು ಬಹಳ ವಿಸ್ಮಯಪಟ್ಟರು. ಇಂಥ ಕನಿಕರವು ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿಯಲ್ಲಿ ಮಾತಾಡಿದ ಯೇಸುವಿನ ಕಥೆಯನ್ನು ಒಬ್ಬ ಸಹೋದರಿಯು ಓದಿ ತಿಳಿಸಿದಳು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು. ಕ್ರಿಸ್ತನನ್ನು ಅಂಗೀಕರಿಸಿದ ಮೇಲೆಯೂ ಅವರು ಸ್ವದೇಶದ ಸೀರೆಯನ್ನೂ ಮಾಂಸವಿಲ್ಲದ ಊಟವನ್ನೂ ಬಿಡಲಿಲ್ಲ. ಕ್ರೈಸ್ತರಾಗುವುದಕ್ಕೆ ಪರದೇಶಿಗಳಾಗಬೇಕಿಲ್ಲವೆಂಬುದು ಅವರ ನಡತೆಯಿಂದಲೇ ತೋರಿಬಂತು.

1886ರಲ್ಲಿ ಅಮೇರಿಕಕ್ಕೆ ಹೋಗಿ, ನಮ್ಮ ದೇಶದ ವಿಧವೆಯರ ಕಷ್ಟಗಳನ್ನು ಊರೂರಿಗೂ ತಿಳಿಸಿ, ಪುಸ್ತಕವನ್ನೂ ಬರೆದು ಸಹಾಯವನ್ನು ಕೂಡಿಸಿದರು. ಹಿಂದಿರುಗಿ 1889ನೆಯ ಇಸವಿ ಮಾರ್ಚ್ 11ರಂದು ಬೊಂಬಾಯಿಯ ಚೌಪಾಟಿಯಲ್ಲಿ ಶಾರದಾ ಸದನವೆಂಬ ಮನೆಯನ್ನು ವಿಧವೆಯರಿಗಾಗಿ ತೆರೆದರು. ಈಗ ಅವರ ಹೆಸರಿರುವ ದಾರಿಯು ಆ ಕಡಲ ತೀರಕ್ಕೆ ದೂರವಲ್ಲ. ಅಲ್ಲಿ ಮೊದಲು ಓದಲು ಬಂದ ವಿಧವೆಯು ಗೋದೂಬಾಯಿ. ಆಕೆಯು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಕರ್ವೆಯವರು ಸ್ತ್ರೀಯರ ವಿದ್ಯೆಗಾಗಿ ನೂರು ವರ್ಷ ದಾಟಿದ ತಮ್ಮ ಆಯುಷ್ಯವನ್ನು ಸವೆಸಿದರು. ಅದೇ ನಗರದ ಮತ್ತೊಂದು ದೊಡ್ಡ ರಸ್ತೆಗೆ ಅವರ ಹೆಸರು ಇದೆ.

1890ರಲ್ಲಿ ಸದನವು ಪುಣೆಗೆ ಹೋಯಿತು. ರಮಾಬಾಯಿಯವರು ಯಾರನ್ನೂ ಒತ್ತಾಯಪಡಿಸಲಿಲ್ಲ. ಆದರೆ ತಮ್ಮ ಕೋಣೆಯ ಬಾಗಲನ್ನು ಮುಚ್ಚದೆ ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೇಳುತ್ತಿದ್ದರು. ಇದರಿಂದ 1893ರಲ್ಲಿ ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಪತ್ರಿಕೆಗಳು ದೂರಿದವು, ಮೊದಲು ಹೊಗಳಿದವರು ಕೈಬಿಟ್ಟರು, ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಅವರು ಪ್ರತಿವಾದದಲ್ಲಿ ದಿನ ಕಳೆಯದೆ ಉಳಿದವರ ಸೇವೆಯನ್ನು ಮಾಡುತ್ತಾ ಹೋದರು.

ಪುಣೆಯ ಪೂರ್ವಕ್ಕೆ ಕೇಡಗಾಂವ್ ಎಂಬ ಹಳ್ಳಿಯಲ್ಲಿ ಅವರು ಹೊಲವನ್ನು ಕೊಂಡು ಬಾವಿಗಳನ್ನು ತೋಡಿಸಿದ್ದರು. 1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ಬಿದ್ದಾಗ, ತಾವು ಹಿಂದೆ ಎಲೆ ತಿಂದ ದಿನಗಳನ್ನು ಮರೆಯದೆ ಅಲ್ಲಿಗೆ ಹೋಗಿ, ನೂರಾರು ಹುಡುಗಿಯರನ್ನು ಸಾವಿನ ಬಾಯಿಂದ ಬಿಡಿಸಿ ತಂದರು. 1900ರ ಕ್ಷಾಮದಲ್ಲಿ ಗುಜರಾತಿನಿಂದಲೂ ಬಹು ಮಂದಿ ಬಂದರು. ಆ ಹೊತ್ತಿಗೆ ಕೇಡಗಾಂವಿಯ ಮುಕ್ತಿ ಎಂಬ ಆ ನೆಲೆಯಲ್ಲಿ 1,500ಕ್ಕೆ ಕಡಿಮೆಯಿಲ್ಲದ ಜನರಿದ್ದರು. ಇಲ್ಲಿ ಯಾರ ಜಾತಿಯನ್ನೂ ಕೇಳಲಿಲ್ಲ. ಓದುಬರಹದೊಡನೆ ನೇಯ್ಗೆ, ಹೊಲದ ಕೆಲಸ, ಹೈನುಗಾರಿಕೆ, ಅಚ್ಚಿನ ಕೆಲಸ ಇವೆಲ್ಲವನ್ನೂ ಕಲಿಸಿದರು. ಕುರುಡಿಯರಿಗೆ ಬೆರಳಿನಿಂದ ಓದಲು ಕಲಿಸಿದರು. ಮನೋರಮೆಯೂ ತಾಯಿಯ ಬಲಗೈಯಾದಳು. ಆಗಿನ ಗುಲ್ಬರ್ಗ, ಈಗಿನ ಕಲಬುರಗಿಯಲ್ಲಿ 1912ರಲ್ಲಿ ತೆರೆದ ಕ್ರೈಸ್ತ ಶಾಲೆಯು ಆಕೆಯ ಕೈಯಲ್ಲಿತ್ತು.

ಓದುಬಾರದ ಹಳ್ಳಿಯ ಸ್ತ್ರೀಯರಿಗೂ ತಿಳಿಯಬೇಕೆಂದು ರಮಾಬಾಯಿಯವರು ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನೆಲ್ಲಾ ಸುಲಭವಾದ ಮರಾಠಿಗೆ ತಿರುಗಿಸಿದರು. ಮುಕ್ತಿಯ ಸ್ತ್ರೀಯರೇ ಮೊಳೆ ಜೋಡಿಸಿ ಅದನ್ನು ಅಚ್ಚುಮಾಡಿದರು. 1921ರಲ್ಲಿ ಮಗಳು ತಾಯಿಗಿಂತ ಮುಂಚೆ ಕರ್ತನಲ್ಲಿ ನಿದ್ರೆಹೋದಳು. ಆ ದುಃಖದಲ್ಲಿಯೂ ತಾಯಿಯು ಕೈಯಲ್ಲಿದ್ದ ಕೆಲಸವನ್ನು ಬಿಡದೆ ತೀರಿಸಿ, 1922ನೆಯ ಇಸವಿ ಎಪ್ರಿಲ್ 5ರಂದು ಕೇಡಗಾಂವಿಯಲ್ಲಿ ವಿಶ್ರಾಂತಿಯನ್ನು ಹೊಂದಿದರು. ಮುಕ್ತಿಯ ಸೇವೆಯು ಈಗಲೂ ನಡೆಯುತ್ತಿದೆ. 1989ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಇಲ್ಲಿ ನಾವು ಗಮನಿಸತಕ್ಕ ಒಂದು ಸಂಗತಿಯುಂಟು. ಅವರು ತಾವು ತೆರೆದ ಮನೆಗಳಿಗೆ ಶಾರದೆಯೆಂದೂ ಮುಕ್ತಿಯೆಂದೂ ಕೃಪೆಯೆಂದೂ ಹೆಸರಿಟ್ಟರು. ತಮ್ಮ ಹೆಸರನ್ನು ಇಡಲಿಲ್ಲ. ಅವರ ಹೆಸರನ್ನು ದಾರಿಗೆ ಇಟ್ಟವರು ಹಿಂದಿನಿಂದ ಬಂದವರು. ಹೀಗಾಗುವುದೇ ಸರಿಯಾದ ಕ್ರಮ. ಬದುಕಿರುವವನು ತನ್ನ ಹೆಸರನ್ನು ತಾನೇ ಕೆತ್ತಿಸಿಕೊಂಡರೆ ಅದು ಜಂಬ. ಉಪಕಾರ ಹೊಂದಿದವರು ಕೆತ್ತಿಸಿದರೆ ಅದು ಕೃತಜ್ಞತೆ.

ನಮ್ಮ ಸಭೆಗಳಲ್ಲಿಯೂ ಗತಿಸಿದ ಉಪದೇಶಿಯ, ಹಿರಿಯನ, ಸತ್ಯವೇದ ಸ್ತ್ರೀಯ ಹೆಸರನ್ನು ಶಾಲೆಗೋ ಬಾವಿಗೋ ಕೂಟದ ಮನೆಗೋ ಇಡಬೇಕೆಂಬ ಮಾತು ಆಗಾಗ ಹುಟ್ಟುತ್ತದೆ. ಯಾವ ಮನೆತನದ ಹೆಸರೆಂದು ಜಗಳವೂ ಹುಟ್ಟುವುದುಂಟು. ಹೆಸರಿಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಹೆಸರಿಲ್ಲದಿದ್ದರೆ ಮಕ್ಕಳು ಮರೆಯುವರು. ಆದರೆ ಕಲ್ಲನ್ನು ನೆಡುವ ಮೊದಲು ನಾಲ್ಕು ವಿಷಯಗಳನ್ನು ಕೇಳಿಕೊಳ್ಳೋಣ. ಆ ಹಿರಿಯರು ಅಕ್ಷರ ಕಲಿಸಿದ ಮನೆಗಳ ಹೆಣ್ಣುಮಕ್ಕಳು ಈಗ ಶಾಲೆಯಲ್ಲಿದ್ದಾರೋ? ಅವರ ಹೆಸರಿನ ಬಾವಿಯಲ್ಲಿ ಎಲ್ಲರೂ ನೀರು ಸೇದಬಹುದೋ? ಸಭೆಯ ವಿಧವೆಯ ಮನೆಯಲ್ಲಿ ಒಲೆ ಉರಿಯುತ್ತದೋ? ಬಡವನು ಸತ್ತರೆ ಹೊರುವುದಕ್ಕೆ ನಾಲ್ಕು ಹೆಗಲುಗಳು ಸಿಗುತ್ತವೋ? ಇವು ಇದ್ದರೆ ಹೆಸರು ಕಲ್ಲಿನ ಮೇಲೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ದಾರಿಯ ಹೆಸರಿಗೆ ಗೌರವವು ಆ ದಾರಿಯಲ್ಲಿ ನಡೆಯುವವರಿಂದ ಬರುತ್ತದೆ. ರಮಾಬಾಯಿಯವರು ನಡೆದ ದಾರಿಯಲ್ಲಿ ನಮ್ಮ ಸಭೆಗಳೂ ನಡೆಯುವಂತೆ ಕರ್ತನು ಕೃಪೆಮಾಡಲಿ.