ಕಂಠದ ಒಡೆತನ: ಮೆಲ್ ಬ್ಲಾಂಕನ ಜೀವನ ಮತ್ತು ವೃತ್ತಿ

ಪರದೆಯ ಮೇಲಿನ ಪಾತ್ರವೊಂದಕ್ಕೆ ಬೇರೊಬ್ಬರು ಧ್ವನಿ ನೀಡುವುದನ್ನು ಕನ್ನಡದಲ್ಲಿ ಕಂಠದಾನವೆಂದು ಕರೆಯುವುದು ರೂಢಿ. ದಾನವೆಂದ ಮೇಲೆ ಕೊಟ್ಟದ್ದರ ಮೇಲೆ ಕೊಟ್ಟವನಿಗೆ ಹಕ್ಕು ಉಳಿಯುವುದಿಲ್ಲ. ಅಮೆರಿಕದ ರೇಡಿಯೋ ಮತ್ತು ಕಾರ್ಟೂನ್ ಚಿತ್ರಗಳ ಪ್ರಸಿದ್ಧ ಕಂಠಕಲಾವಿದ ಮೆಲ್ ಬ್ಲಾಂಕನ ಆರು ದಶಕಗಳ ವೃತ್ತಿಜೀವನವನ್ನು ಪರಿಶೀಲಿಸಿದಾಗ ಮತ್ತೆ ಮತ್ತೆ ಎದುರಾಗುವುದು ಈ ಹಕ್ಕಿನ ಪ್ರಶ್ನೆಯೇ. ಒಬ್ಬ ಚಿತ್ರಕಾರ ಬರೆದ, ಇನ್ನೊಬ್ಬ ನಿರ್ದೇಶಿಸಿದ ಮೊಲವೊಂದು ಮಾತನಾಡಿದರೆ ಆ ಮಾತು ಯಾರದು?

1908ರ ಮೇ 30ರಂದು ಸ್ಯಾನ್ ಫ್ರಾನ್ಸಿಸ್ಕೋದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಮೆಲ್ವಿನ್ ಜೆರೋಮ್ ಬ್ಲಾಂಕ್ ಬೆಳೆದದ್ದು ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ಬರಿದು, ಖಾಲಿ ಎಂಬ ಅರ್ಥವಿತ್ತು. ಹೆಸರಿನಂತೆಯೇ ಈತನೂ ಏನೂ ಆಗದೆ ಉಳಿಯುವನೆಂದು ಶಾಲೆಯ ಶಿಕ್ಷಕರೊಬ್ಬರು ಹಂಗಿಸಿದ್ದರಿಂದ ನೊಂದ ಬಾಲಕ, ಹದಿನಾರರ ವಯಸ್ಸಿನಲ್ಲಿ ಆ ಹೆಸರಿನ ಕೊನೆಯ ಅಕ್ಷರವನ್ನು ಬದಲಾಯಿಸಿಕೊಂಡ. ಬರೆಹದಲ್ಲಿ ಕಾಣುವ ಈ ವ್ಯತ್ಯಾಸ ಉಚ್ಚಾರಣೆಯಲ್ಲಿ ಕೇಳಿಸುವುದೇ ಇಲ್ಲ. ಬದುಕಿಡೀ ಕಿವಿಗಾಗಿ ದುಡಿದವನು ತನ್ನ ಹೆಸರನ್ನು ಮಾತ್ರ ಕಣ್ಣಿಗಾಗಿ ತಿದ್ದಿಕೊಂಡನೆಂಬುದು ಸ್ವಾರಸ್ಯಕರವಾಗಿದೆ.

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಬ್ಲಾಂಕ್ ವಾದ್ಯವೃಂದಗಳಲ್ಲಿ ದುಡಿದು, 1927ರಲ್ಲಿ ಪೋರ್ಟ್‌ಲ್ಯಾಂಡಿನ ರೇಡಿಯೋ ಕೇಂದ್ರದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಧ್ವನಿನಟನಾಗಿ ಕಾಣಿಸಿಕೊಂಡ. 1933ರಲ್ಲಿ ಎಸ್ಟೆಲ್ ರೋಸೆನ್‌ಬಾಮಳನ್ನು ವಿವಾಹವಾದ ಮೇಲೆ ದಂಪತಿಗಳಿಬ್ಬರೂ ಸೇರಿ 'ಕಾಬ್‌ವೆಬ್ ಅಂಡ್ ನಟ್ಸ್' ಎಂಬ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಬೇರೆ ನಟರನ್ನು ಕರೆಸಲು ಹಣವಿರಲಿಲ್ಲ. ಆದ್ದರಿಂದ ಕಥೆಯಲ್ಲಿ ಬರುವ ಪಾತ್ರಗಳಿಗೆಲ್ಲ ಬ್ಲಾಂಕನೇ ಬಗೆಬಗೆಯ ದನಿಗಳನ್ನು ಕಟ್ಟಬೇಕಾಯಿತು. ಜನ್ಮಜಾತ ಪ್ರತಿಭೆಯೆಂದು ಮುಂದೆ ಕೊಂಡಾಡಲ್ಪಟ್ಟ ಬಹುಕಂಠ ಸಾಮರ್ಥ್ಯ ಬಹುಮಟ್ಟಿಗೆ ಆರ್ಥಿಕ ಮುಗ್ಗಟ್ಟಿನ ಕಾಲದ ಒತ್ತಾಯದಿಂದ ರೂಪುಗೊಂಡಿತೆಂಬುದನ್ನು ಮರೆಯುವಂತಿಲ್ಲ.

1935ರಲ್ಲಿ ಲಾಸ್ ಏಂಜಲೀಸಿಗೆ ಬಂದ ಆತ, ವಾರ್ನರ್ ಬ್ರದರ್ಸ್ ಸಂಸ್ಥೆಗೆ ಕಾರ್ಟೂನ್‌ಗಳನ್ನು ತಯಾರಿಸಿಕೊಡುತ್ತಿದ್ದ ಲಿಯಾನ್ ಶ್ಲೆಸಿಂಜರನ ಸ್ಟುಡಿಯೋದ ಬಾಗಿಲನ್ನು ಬಹುಕಾಲ ತಟ್ಟಬೇಕಾಯಿತು. ದೊರೆತ ಮೊದಲ ಪಾತ್ರ 1937ರ 'ಪಿಕಡೋರ್ ಪೋರ್ಕಿ' ಚಿತ್ರದ ಅಮಲೇರಿದ ಗೂಳಿಯದು. ಅದೇ ವರ್ಷ ಪೋರ್ಕಿ ಎಂಬ ಹಂದಿಯ ಪಾತ್ರವೂ ಆತನಿಗೆ ಬಂದಿತು. ಈ ಪಾತ್ರಕ್ಕೆ ಅಲ್ಲಿಯವರೆಗೆ ಧ್ವನಿ ನೀಡುತ್ತಿದ್ದ ಜೋ ಡೋಹರ್ಟಿಗೆ ನಿಜಕ್ಕೂ ಉಗ್ಗು ಇದ್ದು, ಅದು ಅವನ ಹತೋಟಿಗೆ ಸಿಗದೆ ಧ್ವನಿಮುದ್ರಣದ ಖರ್ಚು ಹೆಚ್ಚುತ್ತಿತ್ತು. ಬ್ಲಾಂಕ್ ಉಗ್ಗನ್ನು ಲಯಬದ್ಧಗೊಳಿಸಿದ. ಎಲ್ಲಿ ತಡವರಿಸಬೇಕು, ಯಾವ ಪದವನ್ನು ಕೈಬಿಟ್ಟು ಮತ್ತೊಂದಕ್ಕೆ ಹಾರಬೇಕು ಎಂಬುದು ಖಚಿತವಾಯಿತು. ಸಹಜವಾದ ಉಗ್ಗಿಗಿಂತ ಅಭಿನಯದ ಉಗ್ಗು ಪಾತ್ರಕ್ಕೆ ಹೆಚ್ಚು ಒದಗಿಬಂದ ಈ ನಿದರ್ಶನ ವಾಚಿಕಾಭಿನಯದ ಚರ್ಚೆಯಲ್ಲಿ ಗಮನಾರ್ಹವಾದುದು. ಆದರೆ ಉಗ್ಗಿದ್ದ ನಟ ಅದರಿಂದಾಗಿಯೇ ಕೆಲಸ ಕಳೆದುಕೊಂಡನೆಂಬ ಸಂಗತಿಯೂ ಇದರ ಜೊತೆಗೇ ಇದೆ. ಪೋರ್ಕಿಯಾಗಿ ಬ್ಲಾಂಕ್ ಮಾತನಾಡಿದ 'ಪೋರ್ಕೀಸ್ ಡಕ್ ಹಂಟ್' ಚಿತ್ರದಲ್ಲಿಯೇ ಡ್ಯಾಫಿ ಬಾತುಕೋಳಿಯೂ ಹುಟ್ಟಿತು. 1940ರ 'ಎ ವೈಲ್ಡ್ ಹೇರ್' ಚಿತ್ರದೊಂದಿಗೆ ನ್ಯೂಯಾರ್ಕಿನ ಬೀದಿಗಳ ಉಚ್ಚಾರಣೆಯ ಬಗ್ಸ್ ಬನ್ನಿ ಎಂಬ ಮೊಲ ಪೂರ್ಣರೂಪ ತಾಳಿತು.

ಅದೇ 1940ರಲ್ಲಿ ತೆರೆಕಂಡ ಡಿಸ್ನಿಯ 'ಪಿನೋಕಿಯೋ' ಚಿತ್ರಕ್ಕಾಗಿ ಗಿಡಿಯನ್ ಎಂಬ ಬೆಕ್ಕಿನ ಸಂಭಾಷಣೆಯನ್ನು ಬ್ಲಾಂಕ್ ಧ್ವನಿಮುದ್ರಿಸಿದ್ದ. ಬೆಕ್ಕು ಮೂಕವಾಗಿದ್ದರೇ ಚೆನ್ನೆಂದು ತೀರ್ಮಾನಿಸಲಾಗಿ, ಚಿತ್ರದಲ್ಲಿ ಆತನ ಪಾಲಿಗೆ ಉಳಿದದ್ದು ಬಿಕ್ಕಳಿಕೆಯೊಂದೇ.

ವಾಲ್ಟರ್ ಲ್ಯಾಂಟ್ಜನ ಸಂಸ್ಥೆಗಾಗಿ ವುಡಿ ಎಂಬ ಮರಕುಟಿಗನಿಗೆ ಮೊದಲು ದನಿಯಾದವನೂ ಬ್ಲಾಂಕನೇ. ಶ್ಲೆಸಿಂಜರನೊಂದಿಗಿನ ಏಕಮಾತ್ರ ಕರಾರಿನಿಂದಾಗಿ ಆ ಪಾತ್ರವನ್ನು ಬಿಡಬೇಕಾಯಿತಾದರೂ ಆತನ ನಗೆಯನ್ನು ಮಾತ್ರ ವರ್ಷಗಟ್ಟಲೆ ಬಳಸಿಕೊಳ್ಳಲಾಯಿತು. 1948ರಲ್ಲಿ ಆ ನಗೆಯನ್ನಾಧರಿಸಿದ ಹಾಡೊಂದು ಅಪಾರ ಜನಪ್ರಿಯತೆ ಗಳಿಸಿದಾಗ ಬ್ಲಾಂಕ್ ನ್ಯಾಯಾಲಯದ ಮೊರೆಹೊಕ್ಕ. ನಗೆಗೆ ಕೃತಿಸ್ವಾಮ್ಯ ಪಡೆದಿರಲಿಲ್ಲವೆಂಬ ಕಾರಣದಿಂದ ತೀರ್ಪು ಆತನಿಗೆ ವಿರುದ್ಧವಾಯಿತು. ಮೇಲ್ಮನವಿಯ ಹಂತದಲ್ಲಿ ರಾಜಿಯಾಗಿ ಒಂದಿಷ್ಟು ಹಣ ದೊರೆಯಿತು. ಬರೆಹಕ್ಕೆ ಕರ್ತೃವನ್ನು ಒಪ್ಪುವ ಕಾನೂನು ನಗೆಗೆ ಕರ್ತೃವನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಇದಕ್ಕೂ ಮೊದಲೇ, 1944ರ ಹೊತ್ತಿಗೆ, ಇನ್ನೊಂದು ಮಹತ್ತ್ವದ ಬೆಳವಣಿಗೆ ನಡೆದಿತ್ತು. ಸಂಬಳ ಹೆಚ್ಚಿಸಲು ಶ್ಲೆಸಿಂಜರ್ ಒಪ್ಪದಿದ್ದಾಗ ಅದರ ಬದಲಿಗೆ ಪರದೆಯ ಮೇಲೆ ತನ್ನ ಹೆಸರನ್ನು ತೋರಿಸಬೇಕೆಂದು ಬ್ಲಾಂಕ್ ಕೇಳಿ ಪಡೆದ. ಕಾರ್ಟೂನ್‌ಗಳಲ್ಲಿ ಧ್ವನಿನಟರ ಹೆಸರು ಕಾಣಿಸುವುದು ಅಪರೂಪವಾಗಿದ್ದ ಕಾಲವದು. ಹೆಸರು ಕಂಡದ್ದರಿಂದ ರೇಡಿಯೋದಲ್ಲಿ ಅವಕಾಶಗಳು ಹೆಚ್ಚಿದವು. ಆದರೆ ಈ ಗೆಲುವಿಗೆ ಇನ್ನೊಂದು ಮುಖವಿದೆ. ಎಲ್ಮರ್ ಫಡ್ ಎಂಬ ಬೇಟೆಗಾರನ ದನಿ ಆರ್ಥರ್ ಕ್ಯೂ. ಬ್ರಯಾನನದು, ಹಲವಾರು ಸ್ತ್ರೀಪಾತ್ರಗಳ ದನಿ ಬೀ ಬೆನಡೆರೆಟ್ ಮತ್ತು ಜೂನ್ ಫೋರೆಯವರದು. ಇವರ ಹೆಸರುಗಳು ಬಹುಕಾಲ ಪರದೆಗೆ ಬರಲಿಲ್ಲ. ಪ್ರೇಕ್ಷಕರು ಸಹಜವಾಗಿಯೇ ಎಲ್ಲವೂ ಬ್ಲಾಂಕನದೆಂದು ಭಾವಿಸಿದರು.

ರೇಡಿಯೋದಲ್ಲಿ ಬ್ಲಾಂಕನ ಕಲೆ ಅರಳಿದ್ದು ಜಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ. ಬಹಳ ಕಾಲ ಕಾರ್ಮೈಕಲ್ ಎಂಬ ಹಿಮಕರಡಿಯಾಗಿ ಬರಿದೆ ಗುರುಗುಟ್ಟುವುದಷ್ಟೇ ಆತನ ಕೆಲಸವಾಗಿತ್ತು. ಬೆನ್ನಿಯ ಹಳೆಯ ಮ್ಯಾಕ್ಸ್‌ವೆಲ್ ಕಾರು ಚಾಲೂ ಆಗುವ ಶಬ್ದದ ಮುದ್ರಿಕೆ ಒಮ್ಮೆ ಕೈಕೊಟ್ಟಾಗ ಬ್ಲಾಂಕ್ ಅದನ್ನು ಬಾಯಿಂದಲೇ ಕೆಮ್ಮಿ, ಸೀನಿ, ಉಸಿರುಗಟ್ಟಿಸಿ ತೋರಿಸಿದ; ಮುದ್ರಿಕೆಗಿಂತ ಅದೇ ಶಾಶ್ವತವಾಯಿತು. ರೈಲ್ವೆ ನಿಲ್ದಾಣದ ಘೋಷಕನಾಗಿ ಅನಹೈಮ್, ಅಝೂಸಾ, ಕುಕಮೊಂಗಾ ಎಂಬ ಕ್ಯಾಲಿಫೋರ್ನಿಯಾದ ಊರುಗಳ ಹೆಸರು ಹೇಳುವಾಗ ಕೊನೆಯ ಹೆಸರನ್ನು ಮೊದಲ ಅಕ್ಷರದಲ್ಲಿಯೇ ನಿಲ್ಲಿಸುತ್ತಿದ್ದ. ವರ್ಷಗಳು ಕಳೆದಂತೆ ಈ ಮೌನ ಹಿಗ್ಗುತ್ತ ಹೋಗಿ, ನಡುವೆ ಬೇರೆಯ ಮಾತುಕತೆಯೇ ನಡೆದುಹೋಗುವಷ್ಟು ದೀರ್ಘವಾಯಿತು.

ಹೀಗಿದ್ದರೂ 1946ರಲ್ಲಿ ಆತನದೇ ಹೆಸರಿನ ಕಾರ್ಯಕ್ರಮ ಆರಂಭವಾದಾಗ ಅದು ಒಂದು ವರ್ಷವನ್ನೂ ಪೂರೈಸದೆ 1947ರಲ್ಲಿ ನಿಂತುಹೋಯಿತು. ಅಲ್ಲಿ ನಾಯಕನಾಗಿ ಆತ ಬಹುಮಟ್ಟಿಗೆ ತನ್ನ ಸಹಜ ದನಿಯಲ್ಲಿಯೇ ಮಾತನಾಡಿದ್ದ. ಪಕ್ಕದ ಪಾತ್ರಗಳಲ್ಲಿ ಮಿಂಚುವ ಈ ಕಲಾವಿದನ ಸ್ವಂತ ದನಿಯಲ್ಲಿ ಕೇಳುಗರಿಗೆ ಅಂಥ ಕುತೂಹಲವಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಬ್ಲಾಂಕನ ಹಾಸ್ಯದ ಒಂದು ಪಾಲು ಅನ್ಯಜನಾಂಗದ ಉಚ್ಚಾರಣೆಯ ಅಣಕವನ್ನು ಅವಲಂಬಿಸಿತ್ತೆಂಬುದು ನಿರ್ವಿವಾದ. 1953ರಲ್ಲಿ ಕಾಣಿಸಿಕೊಂಡ ಸ್ಪೀಡಿ ಗೊಂಜಾಲೆಸ್ ಎಂಬ ಮೆಕ್ಸಿಕನ್ ಇಲಿಯ ಚಿತ್ರಗಳನ್ನು ಕಾರ್ಟೂನ್ ನೆಟ್‌ವರ್ಕ್ ವಾಹಿನಿ 1999ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿತು. 2002ರಲ್ಲಿ ಅವು ಮರಳಿ ಬಂದದ್ದು ಲ್ಯಾಟಿನೋ ಸಮುದಾಯದವರ ಒತ್ತಾಯದಿಂದಲೇ. ಅಣಕಕ್ಕೆ ಗುರಿಯಾದವರೇ ಆ ಇಲಿಯನ್ನು ತಮ್ಮದೆಂದರು.

1961ರ ಜನವರಿ 24ರಂದು ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡ್‌ನ ತಿರುವಿನಲ್ಲಿ ನಡೆದ ಮುಖಾಮುಖಿ ಡಿಕ್ಕಿಯಲ್ಲಿ ಬ್ಲಾಂಕ್ ತೀವ್ರವಾಗಿ ಗಾಯಗೊಂಡು ಸುಮಾರು ಎರಡು ವಾರ ಪ್ರಜ್ಞಾಹೀನನಾಗಿದ್ದ. ಹೆಸರು ಹಿಡಿದು ಎಷ್ಟು ಕರೆದರೂ ಓಗೊಡಲಿಲ್ಲ. ಕೊನೆಗೆ ವೈದ್ಯರೊಬ್ಬರು ಬಗ್ಸ್ ಬನ್ನಿಯನ್ನು ಉದ್ದೇಶಿಸಿ ಯೋಗಕ್ಷೇಮ ವಿಚಾರಿಸಿದಾಗ ಬ್ಲಾಂಕನ ಬಾಯಿಂದ ಮೊಲದ ದನಿಯಲ್ಲಿ ಉತ್ತರ ಬಂದಿತೆಂದು ಕುಟುಂಬದವರೂ ವೈದ್ಯರೂ ಹೇಳಿದ್ದಾರೆ. ಈ ಘಟನೆ ಮುಂದೆ ಐತಿಹ್ಯದಂತೆ ಬೆಳೆಯಿತು. ಅದಕ್ಕಿಂತ ಹೆಚ್ಚು ತೂಕದ್ದು ಅನಂತರದ ಸಂಗತಿ. 1960ರಲ್ಲಿ ಆರಂಭವಾಗಿದ್ದ 'ದ ಫ್ಲಿಂಟ್‌ಸ್ಟೋನ್ಸ್' ಸರಣಿಯ ಬಾರ್ನಿ ರಬಲ್ ಪಾತ್ರ ಬ್ಲಾಂಕನದಾಗಿದ್ದು, ಕೆಲವು ಕಂತುಗಳಲ್ಲಿ ಡಾಸ್ ಬಟ್ಲರ್ ಆ ದನಿಯನ್ನು ನಿರ್ವಹಿಸಿದ. ಬ್ಲಾಂಕ್ ಮನೆಗೆ ಮರಳಿದ ಮೇಲೆ ಧ್ವನಿಮುದ್ರಣದ ಸಲಕರಣೆಗಳನ್ನು ಹಾಸಿಗೆಯ ಬಳಿಗೇ ತರಲಾಯಿತು. ಮೈತುಂಬ ಪ್ಲಾಸ್ಟರ್ ಕಟ್ಟಿ ಅಂಗಾತ ಮಲಗಿದ್ದ ನಟನ ಸುತ್ತ ಸಹನಟರು ನಿಂತು ಸಂಭಾಷಣೆ ಹೇಳಿದರು. ಆಂಗಿಕವು ಸಂಪೂರ್ಣ ಇಲ್ಲವಾದಾಗಲೂ ವಾಚಿಕ ತನ್ನ ಕೆಲಸ ಮಾಡಿತು.

1988ರಲ್ಲಿ ಆತ್ಮಕಥೆ ಪ್ರಕಟವಾಯಿತು. ಅದೇ ವರ್ಷದ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಚಿತ್ರದಲ್ಲಿ ಬಗ್ಸ್ ಮತ್ತು ಡ್ಯಾಫಿಯರಿಗೆ ಆತನೇ ದನಿಯಾದ. ಗಂಟಲು ಹರಿಯುವಂತೆ ಅರಚಬೇಕಾದ ಯೊಸೆಮಿಟಿ ಸ್ಯಾಮನ ಪಾತ್ರವನ್ನು ಜೋ ಅಲಾಸ್ಕಿ ನಿರ್ವಹಿಸಿದ. 1989ರ ಜುಲೈ 10ರಂದು ಬ್ಲಾಂಕ್ ಲಾಸ್ ಏಂಜಲೀಸಿನಲ್ಲಿ ನಿಧನನಾದ. ಒಂದೇ ಕಂಠದಲ್ಲಿದ್ದ ಪಾತ್ರಗಳು ಅಲ್ಲಿಂದ ಮುಂದೆ ಹಲವರಿಗೆ ಹಂಚಿಹೋದವು. ಹಾಲಿವುಡ್ಡಿನ ಸ್ಮಶಾನದಲ್ಲಿರುವ ಆತನ ಸಮಾಧಿಶಿಲೆಯ ಮೇಲೆ, ಹೆಸರಿಗಿಂತಲೂ ಮೇಲೆ ಕೆತ್ತಿರುವುದು ಕಾರ್ಟೂನ್‌ಗಳ ಕೊನೆಯಲ್ಲಿ ಪೋರ್ಕಿ ಹಂದಿ ಹೇಳುತ್ತಿದ್ದ ಬೀಳ್ಕೊಡುಗೆಯ ಮಾತು. ಅಲ್ಲಿ ಉಗ್ಗಿಲ್ಲ.