ಭದ್ರಾವತಿಯ ಕಬ್ಬಿಣ ಮತ್ತು ಇದ್ದಿಲಿನ ಲೆಕ್ಕ

ಸೆಪ್ಟೆಂಬರ್ 15 ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲೂ ಸರ್ ಎಂ. ವಿಶ್ವೇಶ್ವರಯ್ಯ ಅವರ ಫೋಟೊಗೆ ಹಾರ ಬೀಳುತ್ತದೆ. ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ತಪ್ಪದೆ ಇರುತ್ತದೆ, ಭದ್ರಾವತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಉಕ್ಕಿನ ಕಾರ್ಖಾನೆಗಳ ಹೊಗೆಯ ಬಗ್ಗೆ ಓದುತ್ತಿದ್ದಾಗ ನನಗೆ ನೆನಪಾದದ್ದು ಆ ಒಂದು ಸಾಲೇ.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಲೇ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ಮೂರೂ ಊರು ಆಗ ಅದೇ ಪ್ರಾಂತ್ಯದಲ್ಲಿದ್ದವು. ತುಂಗಭದ್ರೆ ದಾಟಿ ಹರಿಹರಕ್ಕೆ ಹೋದರೆ ಮೈಸೂರು ಸಂಸ್ಥಾನ. 1912ರಿಂದ 1918ರವರೆಗೆ ಅವರು ಆ ಸಂಸ್ಥಾನದ ದಿವಾನರು.

ಸಂಸ್ಥಾನದ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಆದರೆ ಎಲ್ಲೂ ಕಲ್ಲಿದ್ದಲು ಇರಲಿಲ್ಲ. ಅದಿರೆಂದರೆ ಆಮ್ಲಜನಕದ ಜೊತೆ ಕೂಡಿಕೊಂಡ ಕಬ್ಬಿಣ. ಅದನ್ನು ಬಿಡಿಸಲು ಇಂಗಾಲ ಬೇಕು, ಆ ಇಂಗಾಲವೇ ಕೊನೆಗೆ ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿ ಸೇರುತ್ತದೆ. ವಿಶ್ವೇಶ್ವರಯ್ಯ ಕಲ್ಲಿದ್ದಲಿನ ಬದಲು ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನು ನೆಚ್ಚಿಕೊಂಡರು. ಟಾಟಾ ಕಾರ್ಖಾನೆಗೆ ಕೆಲಸ ಮಾಡಿದ್ದ ಅಮೆರಿಕದ ಪೆರಿನ್ ಅವರ ಸಂಸ್ಥೆ ಯೋಜನೆ ಮಾಡಿಕೊಟ್ಟಿತು. 1923ರಲ್ಲಿ ಕಾರ್ಖಾನೆ ಶುರುವಾಯಿತು. ಕಟ್ಟಿಗೆ ಸುಡುವಾಗ ಬಂದ ಹೊಗೆಯನ್ನು ತಣಿಸಿ ಮೆಥನಾಲ್, ಟಾರು ತೆಗೆದು ಮಾರುತ್ತಿದ್ದರು. ಹೊಗೆಯನ್ನೂ ಬಿಡದ ಲೆಕ್ಕ ಅದು!

ಆದರೂ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಬಿತ್ತು. ದಿವಾನಗಿರಿ ಬಿಟ್ಟಿದ್ದವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು. 1929ರವರೆಗೆ ಕೂತು ಅದನ್ನು ದಡ ಸೇರಿಸಿದರು. ಆ ಕೆಲಸಕ್ಕೆ ಬರಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಹಾಗಾದರೆ ಇದ್ದಿಲಿನ ಕಬ್ಬಿಣ ಶುದ್ಧವೇ? ಚಿಮಣಿಯಲ್ಲಿ ನೋಡಿದರೆ ಅಲ್ಲ. ಕಡಿದಷ್ಟು ಮರ ಮತ್ತೆ ಬೆಳೆದರೆ ಮಾತ್ರ ಆ ಹೊಗೆ ಗಾಳಿಯಿಂದ ಮರಳಿ ಮರಕ್ಕೆ ಹೋಗುತ್ತದೆ. ಬೆಳೆಯದಿದ್ದರೆ ಕಾಡೂ ಹೋಯಿತು, ಲೆಕ್ಕವೂ ತಪ್ಪಿತು. ಇಂದು ಕೋಕ್ ಉರಿಸುವ ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 2.3 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನೈಸರ್ಗಿಕ ಅನಿಲದಿಂದ ಮಾಡಿದ ಸ್ಪಾಂಜ್ ಐರನ್ ಆದರೆ ಸುಮಾರು 1.4, ಗುಜರಿ ಕರಗಿಸಿದರೆ 0.7ರ ಆಸುಪಾಸು. ಬಳ್ಳಾರಿ, ಕೊಪ್ಪಳದ ಕಡೆ ಕಲ್ಲಿದ್ದಲಿನಿಂದ ಸ್ಪಾಂಜ್ ಐರನ್ ಮಾಡುವ ಘಟಕಗಳಿವೆ. ಆ ದಾರಿಯ ಹೊಗೆ ಊದುಕುಲುಮೆಗಿಂತಲೂ ಹೆಚ್ಚು. 2026ರ ಜನವರಿಯಿಂದ ಯುರೋಪ್ ಒಕ್ಕೂಟ ಆಮದು ಉಕ್ಕಿನ ಈ ಹೊಗೆಗೆ ಬೆಲೆ ಕಟ್ಟುತ್ತಿರುವುದರಿಂದ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುವ ನಮಗೂ ಈ ಅಂಕಿಗಳು ಗೊತ್ತಿರಬೇಕು.

1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಕಾಯಿಸುವ ಕೆಲಸ ಜಲವಿದ್ಯುತ್ತಿನ ಪಾಲಾಯಿತು, ಆಮ್ಲಜನಕ ಬಿಡಿಸುವಷ್ಟಕ್ಕೆ ಮಾತ್ರ ಇಂಗಾಲ ಸಾಕಾಯಿತು. ಅದನ್ನೂ ಕಂಡ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಕಾರ್ಖಾನೆಗೆ ಅವರ ಹೆಸರು ಬಂದದ್ದು ಆಮೇಲೆ.